ಬಾಡಿಗೆ ವ್ಯಾಜ್ಯಗಳ ಮಧ್ಯಸ್ಥಗಾರರಿಗೆ ಬಹಿರಂಗ ಪತ್ರ: ನಿಮ್ಮನ್ನು ನೇಮಿಸಿದವರು ಯಾರು, ಇದು ಎಷ್ಟನೆಯ ಸಲ?

ಗೆ,
ಬಾಡಿಗೆ ಮನೆಗಳ ವ್ಯಾಜ್ಯಗಳಲ್ಲಿ ಏಕ ಮಧ್ಯಸ್ಥಗಾರರಾಗಿ ಕೂರುವವರಿಗೆ ಹಾಗೂ ಅಂಥವರ ಪಟ್ಟಿ ಇಟ್ಟುಕೊಂಡು ನೇಮಕ ಮಾಡುವ ಮಧ್ಯಸ್ಥಿಕೆ ಸಂಸ್ಥೆಗಳ ಮುಖ್ಯಸ್ಥರಿಗೆ.

ಮಾನ್ಯರೇ,

ಬಾಡಿಗೆ ಕರಾರಿನ ಕೊನೆಯ ಪುಟದಲ್ಲಿ, ಸಾಕ್ಷಿಗಳ ಸಹಿಗಿಂತ ತುಸು ಮೇಲೆ, ಈಗೀಗ ಒಂದು ಷರತ್ತು ಕಾಣಿಸಿಕೊಳ್ಳುತ್ತಿದೆ. ಕರಾರಿನಿಂದ ಹುಟ್ಟುವ ಯಾವುದೇ ವಿವಾದವನ್ನು ಮಾಲೀಕರು ಅಥವಾ ಅವರ ಪ್ರತಿನಿಧಿ ನೇಮಿಸುವ ಏಕ ಮಧ್ಯಸ್ಥಗಾರರಿಗೆ ಒಪ್ಪಿಸತಕ್ಕದ್ದು, ಅವರ ತೀರ್ಮಾನವೇ ಅಂತಿಮ ಎಂಬುದು ಅದರ ಸಾರಾಂಶ. ಮನೆ ಹುಡುಕಿ ಸುಸ್ತಾದವರು ಬಾಡಿಗೆ ಎಷ್ಟು, ಮುಂಗಡ ಎಷ್ಟು, ನೀರು ಬರುತ್ತದೆಯೇ ಎಂದು ನೋಡುತ್ತಾರೆ. ಈ ಷರತ್ತನ್ನು ಓದಿದವರೂ ಅದನ್ನು ತೆಗೆಸುವ ಸ್ಥಿತಿಯಲ್ಲಿರುವುದಿಲ್ಲ. ಒಪ್ಪಿದರೆ ಬೀಗದ ಕೈ, ಇಲ್ಲದಿದ್ದರೆ ಮುಂದಿನ ಮನೆ.

ಈ ಷರತ್ತಿಗೆ ಬಲ ಬಂದ ಬಗೆಯನ್ನು ನಿಮಗೆ ವಿವರಿಸಬೇಕಾಗಿಲ್ಲ. ಆದರೆ ಇದು ಬಹಿರಂಗ ಪತ್ರವಾದ್ದರಿಂದ, ಓದುವ ಇತರರಿಗಾಗಿ ಎರಡು ಮಾತು. ವಿದ್ಯಾ ದ್ರೋಲಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಒಂದು ಗೆರೆ ಎಳೆಯಿತು. ಬಾಡಿಗೆ ನಿಯಂತ್ರಣ ಕಾಯ್ದೆಗಳ ರಕ್ಷಣೆ ಇರುವ ವ್ಯಾಜ್ಯಗಳು ಅದಕ್ಕೆಂದೇ ಇರುವ ನ್ಯಾಯಾಲಯದಲ್ಲೇ ತೀರ್ಮಾನವಾಗಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಷ್ಟೇ ಅನ್ವಯವಾಗುವ ಬಾಡಿಗೆಗಳ ವಿವಾದವನ್ನು ಮಧ್ಯಸ್ಥಿಕೆಗೆ ಒಪ್ಪಿಸಬಹುದು. ಕೇಳಲು ಇದು ಅಚ್ಚುಕಟ್ಟಾದ ವಿಂಗಡಣೆ. ಆದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನೇ ತೆಗೆದುಕೊಳ್ಳಿ. ಅದಕ್ಕೆ ಲಗತ್ತಿಸಿದ ಪಟ್ಟಿಯ, ಅಂದರೆ ಮೊದಲ ಅನುಸೂಚಿಯ, ಎ ಭಾಗದ ಪ್ರದೇಶಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ಆ ಮೊತ್ತಕ್ಕೆ ಇಂದು ಎಂಥ ಮನೆ ಸಿಗುತ್ತದೆ? ಕಾಯ್ದೆಯ ರಕ್ಷಣೆ ಕಾಗದದ ಮೇಲಿದೆ, ಬಾಡಿಗೆದಾರರು ಬಹುಪಾಲು ಅದರ ಹೊರಗಿದ್ದಾರೆ. ಹೊರಗಿರುವವರ ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿದ್ದರೆ, ಅವರು ಸಿವಿಲ್ ನ್ಯಾಯಾಲಯಕ್ಕೆ ಹೋದರೂ ಎದುರು ಪಕ್ಷದವರು 1996ರ ಮಧ್ಯಸ್ಥಿಕೆ ಮತ್ತು ರಾಜಿ ಸಂಧಾನ ಕಾಯ್ದೆಯ ಸೆಕ್ಷನ್ 8ರ ಅಡಿ ಅರ್ಜಿ ಹಾಕಿ ನಿಮ್ಮ ಮುಂದಕ್ಕೇ ಕರೆತರುತ್ತಾರೆ.

ಹಾಗಾಗಿ ನೀವು ನಮ್ಮ ಪಾಲಿನ ನ್ಯಾಯಾಧೀಶರು. ನೀವು ಕೊಡುವ ತೀರ್ಪು, ಅಂದರೆ ಐತೀರ್ಪು, ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿಯಾಗುತ್ತದೆ. ಸೆಕ್ಷನ್ 34ರ ಅಡಿ ಅದನ್ನು ಪ್ರಶ್ನಿಸಲು ಮೂರು ತಿಂಗಳು ಇದೆ, ತಕ್ಕ ಕಾರಣವಿದ್ದರೆ ಇನ್ನೂ ಮೂವತ್ತು ದಿನ. ಅಲ್ಲಿಯೂ ಸಾಕ್ಷ್ಯವನ್ನು ಹೊಸದಾಗಿ ತೂಗಿ ನೋಡುವ ಅವಕಾಶವಿಲ್ಲ. ಇಷ್ಟು ಅಧಿಕಾರ ಹೊತ್ತವರ ನಡತೆಯನ್ನು ಹತ್ತಿರದಿಂದ ನೋಡಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಂಗಿ ಬಾಡಿಗೆ ಮನೆ ಖಾಲಿ ಮಾಡಿದಾಗ ಮುಂಗಡದ ದೊಡ್ಡ ಪಾಲನ್ನು ಹಿಡಿದುಕೊಳ್ಳಲಾಯಿತು. ಮಾಲೀಕರು ಹೊರದೇಶದಲ್ಲಿದ್ದವರು. ಮನೆಯ ಉಸ್ತುವಾರಿ ಒಂದು ನಿರ್ವಹಣಾ ಸಂಸ್ಥೆಯದು. ಕರಾರಿಗೆ ಅವರ ಪರವಾಗಿ ಸಹಿ ಹಾಕಿದ್ದೂ, ವಿವಾದ ಎದ್ದಾಗ ಮಧ್ಯಸ್ಥಗಾರರನ್ನು ನೇಮಿಸಿದ್ದೂ ಅದೇ. ವಿಚಾರಣೆಗೆ ತಂಗಿಯ ಜೊತೆ ನಾನೂ ಹೋಗಿದ್ದೆ. ಸೆಕ್ಷನ್ 42-ಎ ಪ್ರಕಾರ ಕಲಾಪದ ಗೋಪ್ಯತೆ ಕಾಯಬೇಕಾದ್ದರಿಂದ ಹೆಸರು, ಊರು, ಮೊತ್ತ ಯಾವುದನ್ನೂ ಬರೆಯುವುದಿಲ್ಲ. ನನಗೆ ಅವುಗಳ ಅಗತ್ಯವೂ ಇಲ್ಲ, ದೂರು ಒಬ್ಬರ ಮೇಲಿನದಲ್ಲ.

ಒಳಗೆ ಹೋದಾಗ ಸಂಸ್ಥೆಯ ಪ್ರತಿನಿಧಿ ಆಗಲೇ ಕುಳಿತಿದ್ದರು. ನಮ್ಮನ್ನು ಕಂಡು ಮಾತು ನಿಲ್ಲಿಸುವ ಸೌಜನ್ಯವೂ ಅವರಿಗೆ ಹೊಳೆಯಲಿಲ್ಲ. "ಸಾರ್, ಹಿಂದಿನ ಆ ಎರಡು ಫೈಲು ಸಿದ್ಧವಾದರೆ ಹುಡುಗನನ್ನು ಕಳುಹಿಸುತ್ತೇನೆ" ಎಂದರು. ಮಧ್ಯಸ್ಥಗಾರರು ಮೇಜಿನ ಪಕ್ಕದ ಕಪಾಟಿನತ್ತ ಕಣ್ಣು ಹಾಯಿಸಿ, "ಒಂದು ಆಗಿದೆ, ಇನ್ನೊಂದು ನಾಳೆ" ಎಂದರು. ಆ ಸಂಸ್ಥೆಯ ಬೇರೆ ಪ್ರಕರಣಗಳೂ ಇವರ ಬಳಿಯಲ್ಲೇ ಇವೆ ಎಂಬುದು ನಮಗೆ ತಿಳಿದಿದ್ದು ಹೀಗೆ. ಯಾವ ಕಾಗದದಲ್ಲೂ ಅದು ಇರಲಿಲ್ಲ.

ತಂಗಿ ಮೆಲ್ಲಗೆ ಕೇಳಿದಳು: ಪಕ್ಷಗಾರರ ಜೊತೆಗಿನ ಸಂಬಂಧಗಳ ಬಗ್ಗೆ ಕಾಯ್ದೆಯ ಪ್ರಕಾರ ಕೊಡಬೇಕಾದ ಲಿಖಿತ ಘೋಷಣೆ ಎಲ್ಲಿದೆ? ಮಧ್ಯಸ್ಥಗಾರರಿಗೆ ಸಿಟ್ಟು ಬರಲಿಲ್ಲ, ಅದೊಂದು ಒಳ್ಳೆಯ ಗುಣ. ನಗುತ್ತಲೇ ಹೇಳಿದರು: "ನೋಡಿ ಅಮ್ಮ, ಈ ಮಾಲೀಕರು ಯಾರೆಂದೇ ನನಗೆ ಗೊತ್ತಿಲ್ಲ. ಅವರ ಕಡೆಯಿಂದ ಇದೇ ಮೊದಲ ಪ್ರಕರಣ. ನಾನು ಯಾರ ಕಡೆಯವನೂ ಅಲ್ಲ."

ಕೆಲವು ವಾರಗಳ ನಂತರ ಐತೀರ್ಪು ಬಂತು. ಬಣ್ಣ, ಸ್ವಚ್ಛತೆ, ದುರಸ್ತಿ ಎಲ್ಲದಕ್ಕೂ ಹಿಡಿದುಕೊಂಡ ಹಣ ಸರಿಯೆಂದು ಎತ್ತಿಹಿಡಿಯಲಾಗಿತ್ತು. ಅದರಲ್ಲೊಂದು ವಾಕ್ಯ: ಬಾಲ್ಕನಿಯ ನೆಲಹಾಸಿನ ಟೈಲುಗಳು ಒಡೆದಿರುವುದು ಛಾಯಾಚಿತ್ರಗಳಿಂದ ಸಾಬೀತಾಗಿದೆ. ತಂಗಿ ಇದ್ದ ಮನೆಗೆ ಬಾಲ್ಕನಿಯೇ ಇರಲಿಲ್ಲ. ಅದು ನೆಲಮಹಡಿಯ ಮನೆ, ಬಾಗಿಲು ತೆರೆದರೆ ಕಾಂಪೌಂಡು. ಬೇರೆ ಯಾರದೋ ಐತೀರ್ಪಿನಿಂದ ಒಂದು ಪ್ಯಾರಾ ಎತ್ತಿ ಇಲ್ಲಿ ಅಂಟಿಸುವಾಗ ಅವರ ಬಾಲ್ಕನಿಯೂ ಜೊತೆಗೆ ಬಂದುಬಿಟ್ಟಿತ್ತು. ಆ ಇನ್ನೊಬ್ಬ ಬಾಡಿಗೆದಾರರೂ ಇದೇ ಮಾತುಗಳಲ್ಲೇ ಸೋತಿದ್ದರು ಎಂಬುದು ಹೀಗೆ ಗೊತ್ತಾಯಿತು. ಸೆಕ್ಷನ್ 31(3) ತೀರ್ಪಿಗೆ ಕಾರಣ ಕೊಡಬೇಕೆನ್ನುತ್ತದೆ. ಎರವಲು ಕಾರಣ ಸಾಕೆಂದು ಎಲ್ಲೂ ಹೇಳಿದಂತಿಲ್ಲ.

ಸೋತದ್ದಕ್ಕೆ ಸಂಕಟ ಎಂದು ನೀವು ಬದಿಗೆ ಸರಿಸಬಹುದು. ಆದ್ದರಿಂದ ಫಲಿತಾಂಶವನ್ನು ಬಿಟ್ಟು, ಮೊದಲ ದಿನದ ಆ ಮೌನದ ಬಗ್ಗೆಯಷ್ಟೇ ಮಾತನಾಡುತ್ತೇನೆ.

ಅದೇ 1996ರ ಕಾಯ್ದೆಯ ಸೆಕ್ಷನ್ 12(1) ನಿಮಗೆ ಮೊದಲ ಕರ್ತವ್ಯವನ್ನು ವಿಧಿಸಿದೆ. ನೇಮಕಕ್ಕಾಗಿ ನಿಮ್ಮನ್ನು ಸಂಪರ್ಕಿಸಿದಾಗಲೇ, ಯಾರೂ ಕೇಳುವ ಮೊದಲೇ, ಪಕ್ಷಗಾರರೊಂದಿಗೆ ನೇರವಾಗಿಯೋ ಬಳಸಿಯೋ ಇರುವ, ಹಿಂದೆ ಇದ್ದ ಸಂಬಂಧಗಳನ್ನು ಬರಹದಲ್ಲಿ ತಿಳಿಸಬೇಕು. ಹಣಕಾಸಿನದು, ವ್ಯವಹಾರದ್ದು, ವೃತ್ತಿಯದು ಎಲ್ಲವೂ ಅದರಲ್ಲಿ ಸೇರುತ್ತವೆ. ಅದಕ್ಕೆ ಆರನೆಯ ಅನುಸೂಚಿಯಲ್ಲಿ ನಮೂನೆಯೂ ಇದೆ. 2015ರ ತಿದ್ದುಪಡಿಯಲ್ಲಿ ಬಂದ ಐದನೆಯ ಅನುಸೂಚಿ ಅನುಮಾನಕ್ಕೆ ಆಸ್ಪದ ಕೊಡುವ ಸಂದರ್ಭಗಳನ್ನು ಹೆಸರಿಸುತ್ತದೆ. ಅದರ 22ನೆಯ ಅಂಶ ನಿಮಗೆ ಬಾಯಿಪಾಠವಿರಬೇಕು: ಕಳೆದ ಮೂರು ವರ್ಷಗಳಲ್ಲಿ ಒಂದೇ ಪಕ್ಷಗಾರ ಅಥವಾ ಅವರ ಅಂಗಸಂಸ್ಥೆ ನಿಮ್ಮನ್ನು ಎರಡು ಅಥವಾ ಹೆಚ್ಚು ಸಲ ಮಧ್ಯಸ್ಥಗಾರರನ್ನಾಗಿ ನೇಮಿಸಿದ್ದರೆ ಅದು ಅನುಮಾನದ ಸಂದರ್ಭ.

ಬಾಡಿಗೆ ವ್ಯಾಜ್ಯದಲ್ಲಿ ಸೂಜಿಯ ಕಣ್ಣು ಇರುವುದು ಇಲ್ಲಿಯೇ. ಪಕ್ಷಗಾರ ಎಂದರೆ ಮಾಲೀಕ. ಮಾಲೀಕರು ಪ್ರತಿ ಪ್ರಕರಣಕ್ಕೂ ಬದಲಾಗುತ್ತಾರೆ, ಆದರೆ ಅವರೆಲ್ಲರ ಪರವಾಗಿ ನೇಮಕ ಪತ್ರ ಬರೆಯುವ ನಿರ್ವಹಣಾ ಸಂಸ್ಥೆ ಒಂದೇ. ಮಾಲೀಕರ ಲೆಕ್ಕದಲ್ಲಿ ನಿಮಗೆ ಇದು ಮೊದಲ ನೇಮಕ, ಸಂಸ್ಥೆಯ ಲೆಕ್ಕದಲ್ಲಿ ಎಷ್ಟನೆಯದೋ ಯಾರಿಗೆ ಗೊತ್ತು? ಅಂಗಸಂಸ್ಥೆ ಎಂಬುದಕ್ಕೆ ಅನುಸೂಚಿ ಕೊಡುವ ವಿವರಣೆ ಒಂದೇ ಸಮೂಹದ ಕಂಪನಿಗಳ ಬಗ್ಗೆ; ಮಾಲೀಕನ ಏಜೆಂಟನ ಹೆಸರು ಅಲ್ಲಿಲ್ಲ. "ಈ ಮಾಲೀಕರು ಯಾರೆಂದೇ ಗೊತ್ತಿಲ್ಲ" ಎಂಬ ಮಾತು ಹೀಗೆ ಅಕ್ಷರಶಃ ನಿಜವಾಗಿಯೂ ಕೇಳಿದವರನ್ನು ದಾರಿ ತಪ್ಪಿಸುತ್ತದೆ. ಆದರೆ ಅನುಸೂಚಿ ದಾರಿ ತೋರಿಸಲು ಇರುವಂಥದ್ದೆಂದು ಸೆಕ್ಷನ್ 12ರ ವಿವರಣೆಯೇ ಹೇಳುತ್ತದೆ. ಬಳಸಿ ಬಂದ ಸಂಬಂಧವನ್ನೂ ಹೇಳಬೇಕೆಂದು ಮೂಲ ಸೆಕ್ಷನ್ ಹೇಳುವಾಗ, ಪಟ್ಟಿಯಲ್ಲಿ ಏಜೆಂಟ್ ಇಲ್ಲವೆಂದು ಸುಮ್ಮನಿರುವುದು ವಕೀಲಿ ಚಾತುರ್ಯವಾದೀತು, ನಿಷ್ಪಕ್ಷಪಾತವಾಗದು.

ನಿಮ್ಮಲ್ಲಿ ಕೆಲವರು ಇನ್ನೊಂದು ಸಮರ್ಥನೆ ಕೊಡಬಹುದು. ಪರಿಣತರ ಸಣ್ಣ ಗುಂಪಿನಿಂದಲೇ ಮತ್ತೆ ಮತ್ತೆ ಆರಿಸಿಕೊಳ್ಳುವ ಪದ್ಧತಿ ಇರುವ ಕಡೆ ಅದನ್ನು ಗಮನಿಸಬೇಕೆಂದು ಅನುಸೂಚಿಯ ವಿವರಣೆಯೊಂದು ಹೇಳುತ್ತದೆ, ನಿಜ. ಅದು ಕೊಡುವ ಉದಾಹರಣೆ ಹಡಗು ಸಾಗಣೆ ಮತ್ತು ಸರಕು ವ್ಯಾಪಾರದ ವಿವಾದಗಳದ್ದು. ಗೋಡೆಗೆ ಹೊಡೆದ ಮೊಳೆ ಸಹಜ ಸವೆತವೋ ಹಾನಿಯೋ ಎಂದು ತೀರ್ಮಾನಿಸಲು ಜಗತ್ತಿನಲ್ಲಿ ನಾಲ್ಕೇ ಜನ ಪರಿಣತರಿದ್ದಾರೆಂದು ನಂಬುವುದು ಕಷ್ಟ.

ಬಾಡಿಗೆದಾರರು ತಾವೇ ವಿಚಾರಿಸಿಕೊಳ್ಳಲಿ ಎನ್ನುವಂತೆಯೂ ಇಲ್ಲ. ನ್ಯಾಯಾಧೀಶರ ಹಳೆಯ ತೀರ್ಪುಗಳು ಸಾರ್ವಜನಿಕ ದಾಖಲೆ, ನಿಮ್ಮವು ಗೋಪ್ಯ. ನಿರ್ವಹಣಾ ಸಂಸ್ಥೆಯ ಕಪಾಟಿನಲ್ಲಿ ನಿಮ್ಮ ಎಲ್ಲ ಐತೀರ್ಪುಗಳ ಪ್ರತಿಯೂ ಇರುತ್ತದೆ. ಯಾವ ವಾದಕ್ಕೆ ನೀವು ತಲೆಯಾಡಿಸುತ್ತೀರಿ ಎಂಬುದು ಅವರಿಗೆ ಗೊತ್ತು. ಬಾಡಿಗೆದಾರರು ಬಹುಶಃ ಜೀವಮಾನದಲ್ಲಿ ಒಂದೇ ಸಲ ನಿಮ್ಮ ಮುಂದೆ ಬರುತ್ತಾರೆ. ನೀವಾಗಿ ಬಾಯಿ ಬಿಡದಿದ್ದರೆ ಅವರಿಗೆ ತಿಳಿಯುವ ದಾರಿಯೇ ಇಲ್ಲ. ಆಕ್ಷೇಪಣೆ ಸಲ್ಲಿಸಲು ಸೆಕ್ಷನ್ 13 ಕೊಡುವ ಕಾಲಾವಕಾಶ ಹದಿನೈದು ದಿನ, ಆ ಆಕ್ಷೇಪಣೆಯನ್ನು ಮೊದಲು ತೀರ್ಮಾನಿಸುವವರೂ ನೀವೇ. ತಳ್ಳಿಹಾಕಿದರೆ ಐತೀರ್ಪು ಬರುವವರೆಗೆ ಕಾಯಬೇಕು. ಇಂಥ ಏರ್ಪಾಡಿನಲ್ಲಿ ಬಾಡಿಗೆದಾರರಿಗೆ ಇರುವ ಏಕೈಕ ಆಸರೆ ನಿಮ್ಮ ಪ್ರಾಮಾಣಿಕ ಘೋಷಣೆ.

ಇನ್ನು ನೇಮಕದ ಮಾತು. ಪ್ರಕರಣದ ಫಲದಲ್ಲಿ ಹಿತಾಸಕ್ತಿ ಇರುವವರು ಏಕ ಮಧ್ಯಸ್ಥಗಾರರನ್ನು ತಾವೇ ಆರಿಸುವಂತಿಲ್ಲ ಎಂದು 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರೈಲ್ವೆ ವಿದ್ಯುದೀಕರಣದ ಗುತ್ತಿಗೆಯೊಂದಕ್ಕೆ ಸಂಬಂಧಿಸಿದಂತೆ 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವೂ, ಪಕ್ಷಗಾರರನ್ನು ಸಮಾನವಾಗಿ ಕಾಣುವ ನಿಯಮ ನೇಮಕದ ಹಂತದಿಂದಲೇ ಶುರುವಾಗುತ್ತದೆ ಎಂದಿತು. ಪಕ್ಷಗಾರರ ಜೊತೆಗಿನ ನಂಟಿನಂಥ ಕಾರಣಗಳಿಂದ ಏಳನೆಯ ಅನುಸೂಚಿಯ ಅಡಿ ಅನರ್ಹರಾದವರನ್ನು ಒಪ್ಪಿಕೊಳ್ಳಬೇಕಾದರೆ ವಿವಾದ ಹುಟ್ಟಿದ ಮೇಲೆ ಸ್ಪಷ್ಟವಾದ ಲಿಖಿತ ಒಪ್ಪಿಗೆ ಬೇಕು. ವಿಚಾರಣೆಗೆ ಹಾಜರಾದ ಮಾತ್ರಕ್ಕೆ ಒಪ್ಪಿದಂತೆ ಅಲ್ಲ ಎಂಬುದು 2019ರ ಭಾರತ್ ಬ್ರಾಡ್‌ಬ್ಯಾಂಡ್ ಪ್ರಕರಣದಲ್ಲೇ ಇತ್ಯರ್ಥವಾಗಿದೆ. ಮನೆ ಸೇರುವ ದಿನ ಹಾಕಿದ ಸಹಿ ಆ ಒಪ್ಪಿಗೆಯಲ್ಲ. ಇಷ್ಟೆಲ್ಲ ತೀರ್ಪುಗಳ ನಂತರವೂ ಮಾಲೀಕರ ಕಡೆಯಿಂದ ಬಂದ ನೇಮಕ ಪತ್ರವನ್ನು ಹಿಡಿದು ನೀವು ನೋಟಿಸು ಕಳುಹಿಸುತ್ತೀರಿ. ಎದುರಿನವರು ವಕೀಲರಿಲ್ಲದೆ ಬಂದವರು, ಅವರಿಗೆ ಗೊತ್ತಿರಲಾರದು. ನಿಮಗೆ ಗೊತ್ತಿಲ್ಲವೇ?

ಶುಲ್ಕದ ವಿಷಯ ಎತ್ತಲು ಸಂಕೋಚವಿದೆ, ಆದರೆ ಪಕ್ಷಪಾತದ ಬೇರು ಬಹಳ ಸಲ ಅಲ್ಲೇ ಇರುತ್ತದೆ. ಕಾಯ್ದೆಯ ನಾಲ್ಕನೆಯ ಅನುಸೂಚಿಯ ಮಾದರಿ ದರದಂತೆ 5 ಲಕ್ಷ ರೂಪಾಯಿವರೆಗಿನ ವಿವಾದಕ್ಕೆ ಶುಲ್ಕ 45,000 ರೂಪಾಯಿ. ಒಬ್ಬರೇ ಮಧ್ಯಸ್ಥಗಾರರಿದ್ದರೆ ಇನ್ನೂ ಶೇ 25, ಅಂದರೆ ಒಟ್ಟು 56,250. ಅನೇಕ ಬಾಡಿಗೆದಾರರು ವಾಪಸು ಕೇಳುತ್ತಿರುವ ಮುಂಗಡವೇ ಅಷ್ಟಿರುವುದಿಲ್ಲ. ಸೆಕ್ಷನ್ 38 ಪ್ರಕಾರ ಮಧ್ಯಸ್ಥಿಕೆಯ ಖರ್ಚಿಗಾಗಿ ಇಡುವ ಠೇವಣಿಯನ್ನು ಇಬ್ಬರೂ ಸಮನಾಗಿ ಭರಿಸಬೇಕು, ಒಬ್ಬರು ಕಟ್ಟದಿದ್ದರೆ ಇನ್ನೊಬ್ಬರು ಅವರ ಪಾಲನ್ನೂ ಕಟ್ಟಬಹುದು. ಕಲಾಪ ನಿಲ್ಲದಿರಲಿ ಎಂದು ಮಾಡಿದ ಏರ್ಪಾಡು ಇದು. ಬಾಡಿಗೆ ವ್ಯಾಜ್ಯದಲ್ಲಿ ಅದರ ಫಲ ಬೇರೆಯೇ. ಬಾಡಿಗೆದಾರರು ಕೈಚೆಲ್ಲುತ್ತಾರೆ, ನಿರ್ವಹಣಾ ಸಂಸ್ಥೆ ಎರಡೂ ಪಾಲು ಕಟ್ಟುತ್ತದೆ, ನಿಮ್ಮ ಇಡೀ ಸಂಭಾವನೆ ಒಂದೇ ಕಡೆಯಿಂದ ಬರುತ್ತದೆ, ಮುಂದಿನ ಪ್ರಕರಣವೂ ಅಲ್ಲಿಂದಲೇ ಬರಬೇಕು. ಉಪ್ಪಿನ ಋಣ ಎಂಬುದು ಕಾಯ್ದೆಯ ಯಾವ ಅನುಸೂಚಿಯಲ್ಲೂ ಇಲ್ಲ, ಆದರೆ ಅದರ ಭಾರ ನಮ್ಮಲ್ಲಿ ಯಾರಿಗೂ ತಿಳಿಯದ್ದೇನಲ್ಲ. ಶುಲ್ಕವನ್ನು ಮಧ್ಯಸ್ಥಗಾರರು ಏಕಪಕ್ಷೀಯವಾಗಿ ನಿಗದಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಶುಲ್ಕವನ್ನು ಪಕ್ಷಗಾರರೂ ಮಧ್ಯಸ್ಥಗಾರರೂ ಒಪ್ಪಿ ಗೊತ್ತುಮಾಡಿಕೊಂಡು, ದಾಖಲೆಗಳ ಮೇಲಷ್ಟೇ ತೀರ್ಮಾನಿಸಲು ಸೆಕ್ಷನ್ 29-ಬಿ ಅಡಿ ತ್ವರಿತ ವಿಧಾನವಿದೆ, ಆರು ತಿಂಗಳಲ್ಲಿ ಮುಗಿಯಬೇಕಾದದ್ದು. ಇಬ್ಬರೂ ಒಪ್ಪಿದರೆ ಅದನ್ನು ಬಳಸಬಹುದು. ಆ ದಾರಿಯೊಂದು ಇದೆ ಎಂದು ಬಾಡಿಗೆದಾರರಿಗೆ ಹೇಳುವವರು ಯಾರೂ ಇಲ್ಲ.

ಖಾಸಗಿ ಭೇಟಿಗಳ ಬಗ್ಗೆ ಉದ್ದಕ್ಕೆ ಬರೆಯಬೇಕಾಗಿಲ್ಲ. ಒಬ್ಬರು ಕೊಟ್ಟ ಹೇಳಿಕೆ, ದಾಖಲೆ, ಮಾಹಿತಿಯೆಲ್ಲ ಇನ್ನೊಬ್ಬರಿಗೂ ತಲುಪಬೇಕೆಂದು ಸೆಕ್ಷನ್ 24(3) ಹೇಳುತ್ತದೆ. ಸ್ವತ್ತಿನ ಪರಿಶೀಲನೆಗೆ ಹೋಗುವಾಗ ಇಬ್ಬರಿಗೂ ಮುಂಚಿತವಾಗಿ ತಿಳಿಸಬೇಕೆಂದು ಅದರ ಹಿಂದಿನ ಉಪಸೆಕ್ಷನ್ ಹೇಳುತ್ತದೆ. ಮಾಲೀಕರ ಕಾರಿನಲ್ಲಿ ಹೋಗಿ, ಅವರು ತೋರಿಸಿದ ಗೋಡೆ ನೋಡಿ, ಅವರ ಮನೆಯಲ್ಲೇ ಕಾಫಿ ಕುಡಿದು ಬಂದರೆ ಆ ಗೋಡೆಯ ಬಗ್ಗೆ ನೀವು ಬರೆಯುವ ಸಾಲನ್ನು ಯಾರು ನಂಬಬೇಕು?

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮುಖವೂ ಇದೆ. ನಿವೃತ್ತಿಯ ಹಣದಲ್ಲಿ ಒಂದು ಮನೆ ಕಟ್ಟಿ, ಅದರ ಬಾಡಿಗೆಯಲ್ಲೇ ಔಷಧಿ ಕೊಳ್ಳುವ ಮಾಲೀಕರಿದ್ದಾರೆ. ತಿಂಗಳುಗಟ್ಟಲೆ ಬಾಡಿಗೆ ಕೊಡದೆ, ಮನೆಯನ್ನೂ ಬಿಡದೆ ಅವರನ್ನು ಗೋಳು ಹೊಯ್ದುಕೊಳ್ಳುವ ಬಾಡಿಗೆದಾರರೂ ಇದ್ದಾರೆ. ಬಾಡಿಗೆದಾರರ ಸಂಘವೊಂದಕ್ಕೆ ಸಲಹೆ ಕೊಡುವ ವಕೀಲರು ಅದನ್ನು ಮುಚ್ಚಿಟ್ಟು ಅಂಥ ಪ್ರಕರಣದಲ್ಲಿ ಮಧ್ಯಸ್ಥಗಾರರಾದರೆ ಆ ಮಾಲೀಕರಿಗೂ ಇದೇ ಅನ್ಯಾಯ. ಬಡವರ ಕಡೆಗೆ ವಾಲುವ ಮಧ್ಯಸ್ಥಗಾರರು ಬೇಕೆಂದು ನಾನು ಕೇಳುತ್ತಿಲ್ಲ. ನಿಮಗೆ ನಾಲ್ಕು ಮನೆಗಳ ಬಾಡಿಗೆ ಬರುತ್ತದೆ ಅಥವಾ ನೀವೇ ಬಾಡಿಗೆ ಮನೆಯಲ್ಲಿದ್ದೀರಿ ಎಂಬುದರಿಂದಲೇ ಅನರ್ಹರೆಂದೂ ನಾನು ಹೇಳಲಾರೆ. ಮಧ್ಯಸ್ಥಗಾರರೂ ಎಲ್ಲೋ ಒಂದು ಕಡೆ ವಾಸಿಸಲೇಬೇಕು. ಅದನ್ನೆಲ್ಲ ಬಚ್ಚಿಡದೆ ಹೇಳಿದರೆ ಮಾಲೀಕರೂ ಬಾಡಿಗೆದಾರರೂ ನಿಮ್ಮನ್ನು ಒಪ್ಪಬಹುದು. ಘೋಷಣೆ ಮಾಡಿ ಪ್ರಾಮಾಣಿಕವಾಗಿ ತೀರ್ಪು ಕೊಡುವವರು ನಿಮ್ಮಲ್ಲಿ ಇದ್ದೇ ಇದ್ದಾರೆ, ಸುಮ್ಮನಿರುವವರಿಂದಾಗಿ ಅವರ ಹೆಸರೂ ಕೆಡುತ್ತಿದೆ.

ಮಧ್ಯಸ್ಥಿಕೆ ಸಂಸ್ಥೆಗಳ ಮುಖ್ಯಸ್ಥರಿಗೆ ಬೇರೆಯಾಗಿಯೇ ಒಂದು ಮಾತು. ಅಮೆರಿಕದಲ್ಲಿ ನ್ಯಾಷನಲ್ ಆರ್ಬಿಟ್ರೇಷನ್ ಫೋರಂ ಎಂಬ ಸಂಸ್ಥೆ ಕ್ರೆಡಿಟ್ ಕಾರ್ಡ್ ಬಾಕಿಯಂಥ ಗ್ರಾಹಕ ಪ್ರಕರಣಗಳನ್ನು ದೊಡ್ಡ ಪ್ರಮಾಣದಲ್ಲಿ ನಡೆಸುತ್ತಿತ್ತು. ಸಾಲ ವಸೂಲಿ ಉದ್ಯಮದ ಜೊತೆಗಿನ ನಂಟನ್ನು ಅದು ಮುಚ್ಚಿಟ್ಟಿದೆ ಎಂದು ಆರೋಪಿಸಿ ಮಿನೆಸೋಟ ರಾಜ್ಯದ ಅಟಾರ್ನಿ ಜನರಲ್ 2009ರ ಜುಲೈನಲ್ಲಿ ದಾವೆ ಹೂಡಿದರು. ಕೆಲವೇ ದಿನಗಳಲ್ಲಿ ಸಂಸ್ಥೆ ಹೊಸ ಗ್ರಾಹಕ ಪ್ರಕರಣಗಳಿಂದ ಹಿಂದೆ ಸರಿಯಲು ಒಪ್ಪಿಕೊಂಡಿತು. ಪ್ರಕರಣಗಳನ್ನು ಸಗಟಾಗಿ ತರುವವರನ್ನೇ ನೆಚ್ಚಿಕೊಂಡ ಸಂಸ್ಥೆಗೆ ವಿಶ್ವಾಸ ಕಳೆದುಕೊಳ್ಳಲು ಬಹಳ ಕಾಲ ಬೇಕಾಗುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಬಾಡಿಗೆ ಪ್ರಕರಣಗಳಿಗೆ ಯಾರು, ಯಾರಿಂದ, ಎಷ್ಟು ಸಲ ನೇಮಕವಾಗಿದ್ದಾರೆ ಎಂಬ ಲೆಕ್ಕ ನಿಮ್ಮ ಕಂಪ್ಯೂಟರಿನಲ್ಲಿ ಈಗಲೇ ಇದೆ.

ನನ್ನ ಕೋರಿಕೆಗಳು ದೊಡ್ಡವಲ್ಲ. ಮಧ್ಯಸ್ಥಗಾರರೇ, ಮೊದಲ ನೋಟಿಸಿನ ಜೊತೆಯಲ್ಲೇ ಆರನೆಯ ಅನುಸೂಚಿಯ ಘೋಷಣೆಯನ್ನು ಲಗತ್ತಿಸಿ, ಬಾಡಿಗೆದಾರರಿಗೆ ಓದಲು ಬರುವ ಭಾಷೆಯಲ್ಲಿ ಕೊಡಿ. ಮಾಲೀಕರ ಹೆಸರಿನ ಜೊತೆಗೆ ಅವರ ಪರವಾಗಿ ಸಹಿ ಮಾಡಿದ ಸಂಸ್ಥೆ, ದಲ್ಲಾಳಿ, ವಕೀಲರು ಕಳೆದ ಮೂರು ವರ್ಷಗಳಲ್ಲಿ ನಿಮ್ಮನ್ನು ಎಷ್ಟು ಸಲ ನೇಮಿಸಿದ್ದಾರೆ ಎಂಬುದನ್ನೂ ಬರೆಯಿರಿ. ಯಾರ ಪ್ರಕರಣ, ಏನು ತೀರ್ಪು ಎಂಬುದು ಬೇಡ, ಸಂಖ್ಯೆ ಸಾಕು. ಅದರಿಂದ ಗೋಪ್ಯತೆಗೆ ಧಕ್ಕೆಯಾಗದು. ನಡುವೆ ಹೊಸ ನೇಮಕ ಬಂದರೆ ಅದನ್ನೂ ತಿಳಿಸಿ, ಘೋಷಣೆಯ ಕರ್ತವ್ಯ ಕಲಾಪ ಮುಗಿಯುವವರೆಗೂ ಇದೆ. ಮಾಲೀಕರೇ ನೇಮಿಸುವ ಷರತ್ತಿನಡಿ ಕರೆ ಬಂದರೆ ನಿರಾಕರಿಸಿ. ಇಬ್ಬರೂ ಒಪ್ಪಿ ಆರಿಸಲಿ, ಇಲ್ಲವೇ ಸೆಕ್ಷನ್ 11ರ ಅಡಿ ಹೈಕೋರ್ಟ್‌ಗೆ ಹೋಗಲಿ. ಶುಲ್ಕ ಪೂರ್ತಿ ಒಂದೇ ಕಡೆಯಿಂದ ಬಂದಿದ್ದರೆ ಆ ಸಂಗತಿ ಐತೀರ್ಪಿನಲ್ಲೇ ದಾಖಲಾಗಲಿ.

ಸಂಸ್ಥೆಗಳ ಮುಖ್ಯಸ್ಥರೇ, ಆ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಿ. ಒಂದೇ ನಿರ್ವಹಣಾ ಸಂಸ್ಥೆಯ ಪ್ರಕರಣಗಳು ಒಬ್ಬರ ಬಳಿಗೇ ಹೋಗದಂತೆ ಸರದಿ ಇಡಿ. ಮುಂಗಡದ ವಿವಾದಗಳಿಗೆ ಕೈಗೆಟಕುವ ಶುಲ್ಕ ನಿಗದಿಪಡಿಸಿ, ಸಂಭಾವನೆ ನಿಮ್ಮ ಮೂಲಕ ಹೋಗಲಿ, ಪಕ್ಷಗಾರರ ಕೈಯಿಂದ ಮಧ್ಯಸ್ಥಗಾರರ ಕೈಗೆ ನೇರವಾಗಿ ಬೇಡ. ಇವುಗಳಲ್ಲಿ ಯಾವುದು ಸಾಧ್ಯವಿಲ್ಲವೋ ಅದನ್ನೂ, ಏಕೆ ಸಾಧ್ಯವಿಲ್ಲ ಎಂಬುದನ್ನೂ ಬಹಿರಂಗವಾಗಿಯೇ ಬರಹದಲ್ಲಿ ಉತ್ತರಿಸಬೇಕೆಂದು ವಿನಂತಿ.

ಇಂತಿ,
ಬಾಡಿಗೆದಾರರೊಬ್ಬರ ಅಣ್ಣ